ಬಲಗಡೆಯ ದನಿ

“ಗುರುಗಳೇ, ಹಂಬಲವನ್ನು ಕಳೆದುಕೊಳ್ಳುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಅವನು ಆಶ್ರಮಕ್ಕೆ ಬಂದು ಆರು ವರ್ಷವಾಗಿತ್ತು. ಹೇಳಿದ ಕೆಲಸವನ್ನೆಲ್ಲ ಮಾಡುತ್ತಿದ್ದ, ಕಲಿಸಿದ್ದನ್ನೆಲ್ಲ ಕಲಿತಿದ್ದ. ಆದರೆ ಇತ್ತೀಚೆಗೆ ಜಪಕ್ಕೆ ಕೂತರೆ ಮನಸ್ಸು ಎದ್ದು ಎಲ್ಲಿಗೋ ಹೊರಟುಬಿಡುತ್ತಿತ್ತು. ಕೂರುವ ಜಾಗ ಬದಲಾಯಿಸಿದ. ಊಟ ಕಡಿಮೆ ಮಾಡಿದ. ಒಂದು ತಿಂಗಳು ಮೌನವನ್ನೂ ಹಿಡಿದ. ಯಾವುದರಿಂದಲೂ ಪ್ರಯೋಜನವಾಗಲಿಲ್ಲ.

ಯಾರ ಹಂಬಲ ಎಂದು ಗುರುಗಳು ಕೇಳಲಿಲ್ಲ. ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದವರು ಮೊರವನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಕಲಬುರಗಿಯಲ್ಲಿ ಇಬ್ಬರು ಅಕ್ಕ-ತಂಗಿಯರಿದ್ದರು. ಅಕ್ಕ ಕಸ್ತೂರಿಬಾಯಿ, ತಂಗಿ ಜಗದೇವಿ. ಆರು ವರ್ಷದ ಅಂತರ. ಇಬ್ಬರೂ ಚೆನ್ನಾಗಿ ಹಾಡುತ್ತಿದ್ದರು. ಒಬ್ಬೊಬ್ಬರೇ ಹಾಡಿದಾಗ ಜನ ತಲೆದೂಗುತ್ತಿದ್ದರು. ಇಬ್ಬರೂ ಕೂಡಿ ಹಾಡಿದಾಗ ತಲೆದೂಗುವುದನ್ನೂ ಮರೆತು ಕೂತುಬಿಡುತ್ತಿದ್ದರು. ಅಕ್ಕ ಹುಡುಗಿಯರ ಶಾಲೆಯಲ್ಲಿ ಸಂಗೀತದ ಶಿಕ್ಷಕಿ. ತಂಗಿ ಮನೆಯಲ್ಲೇ ಇದ್ದಳು. ಸಂಜೆ ಅಕ್ಕ ಶಾಲೆಯಿಂದ ಬರುವ ಹೊತ್ತಿಗೆ ಹಾರ್ಮೋನಿಯಂ ಒರೆಸಿ ಇಡುತ್ತಿದ್ದಳು.

ಅವರ ಹಾಡಿನ ಸುದ್ದಿ ಕೇಳಿ ಒಬ್ಬ ಧ್ವನಿಮುದ್ರಕ ಬೇರೆ ಊರಿನಿಂದ ಬಂದ. ಶಾಲೆಯ ಸಭಾಂಗಣದಲ್ಲಿ ಎರಡು ಮೈಕು ನಿಲ್ಲಿಸಿದ. ಎಡಗಡೆಯ ಮೈಕಿನ ಮುಂದೆ ಅಕ್ಕ ಕೂತಳು, ಬಲಗಡೆಯದರ ಮುಂದೆ ತಂಗಿ, ನಡುವೆ ಹಾರ್ಮೋನಿಯಂ. ಒಂದೇ ಮಧ್ಯಾಹ್ನದಲ್ಲಿ ಎಂಟು ಹಾಡು ಮುಗಿದವು. ಕೊನೆಯ ಹಾಡಿನಲ್ಲಿ ಇಬ್ಬರೂ ಕೂಡಿ ಮೇಲಿನ ಸ್ವರಕ್ಕೆ ಏರಿ, ಅಲ್ಲಿ ಬಹಳ ಹೊತ್ತು ನಿಂತು, ಮೆಲ್ಲಗೆ ಇಳಿಯಬೇಕಿತ್ತು. ಅದನ್ನೂ ಹಾಡಿದರು. ಧ್ವನಿಮುದ್ರಕ ತೃಪ್ತನಾಗಿ ಯಂತ್ರ ಕಟ್ಟಿಕೊಂಡು ಹೋದ.

ಮೂರು ತಿಂಗಳಿಗೆ ಕ್ಯಾಸೆಟ್ಟು ಬಂತು. ನೆರೆಹೊರೆಯವರೆಲ್ಲ ಸೇರಿದರು. ಮನೆಯಲ್ಲಿದ್ದದ್ದು ಒಂದೇ ಸ್ಪೀಕರಿನ ಚಿಕ್ಕ ಟೇಪ್ ರೆಕಾರ್ಡರ್. ಏಳು ಹಾಡು ಮುಗಿದು ಎಂಟನೆಯದು ಬಂತು. ಮೇಲಿನ ಸ್ವರಕ್ಕೆ ಏರುವಾಗ ಎರಡು ದನಿಗಳಿದ್ದವು. ಏರಿದ ಮೇಲೆ ಜಗದೇವಿಯ ದನಿಯೊಂದೇ ಎತ್ತರಕ್ಕೆ ನಿಂತಿತ್ತು. ಕಸ್ತೂರಿಬಾಯಿಯ ದನಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ನೆರೆಮನೆಯ ಹೆಂಗಸೊಬ್ಬಳು ನಗುತ್ತ, ತಂಗಿ ಅಕ್ಕನನ್ನು ಮೀರಿಸಿಬಿಟ್ಟಳು ಎಂದಳು. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು.

ಎಲ್ಲರೂ ಹೋದ ಮೇಲೆ ಕಸ್ತೂರಿಬಾಯಿ ತಂಗಿಯ ಮುಖ ನೋಡದೆ, “ನನ್ನ ದನಿಯನ್ನು ತುಳಿದು ಅದರ ಮೇಲೆ ನಿಂತೆಯಲ್ಲ” ಎಂದಳು.

ಜಗದೇವಿ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಮುಚ್ಚಿಕೊಂಡಳು.

ಮತ್ತೆ ಅವರು ಕೂಡಿ ಹಾಡಲಿಲ್ಲ. ಮರುವರ್ಷ ಜಗದೇವಿಯ ಮದುವೆಯಾಯಿತು. ಯಾದಗಿರಿಯವರು, ಒಳ್ಳೆಯ ಮನೆತನ. ಮದುವೆಯ ಕೆಲಸವನ್ನೆಲ್ಲ ಕಸ್ತೂರಿಬಾಯಿಯೇ ನಿಂತು ಮಾಡಿದಳು. ಹೆಂಗಸರು ಸೇರಿ ಅಕ್ಕ-ತಂಗಿಯರ ಒಂದು ಹಾಡಾಗಲಿ ಎಂದಾಗ ಮಾತ್ರ, ಅಡುಗೆಯವರನ್ನು ನೋಡಬೇಕು ಎಂದು ಎದ್ದು ಒಳಗೆ ಹೋದಳು. ಮದುಮಗಳು ಹಾಡದೆ ಕೂತಿದ್ದಳು. ಐದು ವರ್ಷ ಕಳೆದು ತಾಯಿ ತೀರಿಕೊಂಡಾಗ ಜಗದೇವಿ ಬಂದಳು. ಇಬ್ಬರೂ ತಾಯಿಯ ಎರಡು ಮಗ್ಗುಲಿಗೆ ಕೂತು ಅತ್ತರು. ಹನ್ನೆರಡನೆಯ ದಿನ ಅವಳು ಹೊರಟಾಗ ಕಸ್ತೂರಿಬಾಯಿ ಬಾಗಿಲವರೆಗೆ ಬಂದಳು, ಗೇಟಿನವರೆಗೆ ಬರಲಿಲ್ಲ. ಜಗದೇವಿ ಗೇಟಿನ ಹತ್ತಿರ ಒಮ್ಮೆ ನಿಂತಳು. ಆಮೇಲೆ ಹೋದಳು.

ಕಲಬುರಗಿಯಿಂದ ಯಾದಗಿರಿಗೆ ರೈಲಿನಲ್ಲಿ ಒಂದೂವರೆ ಗಂಟೆ. ಇಪ್ಪತ್ತಾರು ವರ್ಷ ಇಬ್ಬರಲ್ಲಿ ಯಾರೂ ಆ ರೈಲು ಹತ್ತಲಿಲ್ಲ. ಯಾರಾದರೂ ಯಾದಗಿರಿಯ ಸುದ್ದಿ ತೆಗೆದರೆ ಕಸ್ತೂರಿಬಾಯಿ ಬೇರೆ ಮಾತೆತ್ತುತ್ತಿದ್ದಳು. ಕೆಲವು ವರ್ಷಗಳಲ್ಲಿ ಜನ ಹೇಳುವುದನ್ನೇ ಬಿಟ್ಟರು.

ಅವಳು ಮದುವೆಯಾಗಲಿಲ್ಲ. ಶಾಲೆಯಲ್ಲಿ ಹುಡುಗಿಯರಿಗೆ ಹಾಡು ಕಲಿಸಿದಳು. ಆ ಕ್ಯಾಸೆಟ್ಟು ಬಂದ ಮೇಲೂ ಮೂವತ್ತೆರಡು ವರ್ಷ ಕಲಿಸಿದಳು. ಅವಳ ಕೈಯಲ್ಲಿ ಕಲಿತ ಹುಡುಗಿಯರು ದೊಡ್ಡವರಾಗಿ, ತಮ್ಮ ಮಕ್ಕಳನ್ನೂ ಅವಳ ಹತ್ತಿರ ಕಳಿಸಿದರು. ಕಸ್ತೂರಿ ಟೀಚರ್ ತೋರಿಸಿಕೊಟ್ಟ ಸ್ವರ ತಪ್ಪುವುದಿಲ್ಲ ಎಂಬ ಮಾತು ಊರಿನಲ್ಲಿತ್ತು.

ನಿವೃತ್ತಿಯಾದ ಮೇಲೆ ಮನೆ ನಿಶ್ಶಬ್ದವಾಯಿತು. ಆಗ ತಂಗಿಯ ದನಿ ನೆನಪಿಗೆ ಬರತೊಡಗಿತು. ಅನ್ನಕ್ಕೆ ಇಟ್ಟು ನಿಂತಾಗ, ಬಟ್ಟೆ ಒಣಹಾಕುವಾಗ, ಕಾರಣವೇ ಇಲ್ಲದೆ ಬರುತ್ತಿತ್ತು. ಹಾಡುವ ದನಿ ಮಾತ್ರವಲ್ಲ, ಬಾಗಿಲಲ್ಲಿ ನಿಂತು ‘ಅಕ್ಕಾ, ಬಂದೆಯಾ’ ಎನ್ನುತ್ತಿದ್ದ ದನಿಯೂ ಬರುತ್ತಿತ್ತು. ಹಳೆಯ ಕ್ಯಾಸೆಟ್ಟನ್ನು ಹುಡುಕಿದಳು. ಸುರುಳಿ ಅಂಟಿಕೊಂಡು ಹಾಳಾಗಿತ್ತು.

ಅದೇ ವರ್ಷ ಆ ಧ್ವನಿಮುದ್ರಕನಿಂದ ಒಂದು ಪೊಟ್ಟಣ ಬಂತು. ಅವನಿಗೂ ವಯಸ್ಸಾಗಿತ್ತು, ಅಂಗಡಿ ಮುಚ್ಚುತ್ತಿದ್ದ. ತನ್ನಲ್ಲಿ ಉಳಿದಿದ್ದ ಮೂಲ ಟೇಪುಗಳನ್ನು ಸಿ.ಡಿ.ಗೆ ಇಳಿಸಿ, ಹಾಡಿದವರಿಗೆ ಕಳಿಸುತ್ತಿದ್ದ. ಜೊತೆಗೆ ಒಂದು ಚೀಟಿ ಇತ್ತು. ಅಂದಿನ ಕ್ಯಾಸೆಟ್ಟಿನಲ್ಲಿ ಎರಡು ದನಿಗಳನ್ನೂ ಒಂದರಲ್ಲಿ ಕಲಸಿದ್ದೆವು, ಇದರಲ್ಲಿ ಬೇರೆಬೇರೆಯಾಗಿವೆ, ನೀವು ಎಡಕ್ಕಿದ್ದೀರಿ, ನಿಮ್ಮ ತಂಗಿ ಬಲಕ್ಕಿದ್ದಾರೆ, ಒಳ್ಳೆಯ ಸ್ಪೀಕರುಗಳಲ್ಲಿ ಕೇಳಿ ಎಂದು ಬರೆದಿದ್ದ.

‘ನಿಮ್ಮ ತಂಗಿ ಬಲಕ್ಕಿದ್ದಾರೆ’ ಎಂಬುದನ್ನು ಅವಳು ಹಲವು ಸಲ ಓದಿದಳು.

ಅಂದು ಯಾರು ಯಾರನ್ನು ತುಳಿದರು ಎಂಬುದು ಈಗ ತೀರ್ಮಾನವಾಗಲಿ, ಅದಕ್ಕಾಗಿಯೇ ಕೇಳುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಪೂರ್ತಿ ನಿಜವಾಗಿರಲಿಲ್ಲ.

ಎದೆಮಟ್ಟದ ಎರಡು ಸ್ಪೀಕರುಗಳನ್ನು ತರಿಸಿ ನಡುಮನೆಯಲ್ಲಿ ನಿಲ್ಲಿಸಿದಳು. ಆ ನಡುಮನೆ ಉದ್ದಕ್ಕೆ ಇತ್ತು, ಅಗಲ ಕಡಿಮೆ. ನೆಲಕ್ಕೂ ಗೋಡೆಗೂ ಶಹಾಬಾದಿನ ಕಲ್ಲು. ಒಂದು ಉದ್ದನೆಯ ಮಗ್ಗುಲಿಗೆ ಪೂರ್ತಿ ಕಲ್ಲಿನ ಗೋಡೆ. ಎದುರು ಮಗ್ಗುಲಿನ ಒಂದು ತುದಿಗೆ ಗೋಡೆಯೇ ಇಲ್ಲ, ಕಮಾನು. ಕಮಾನಿನ ಆಚೆ ಮಹಡಿಗೆ ಹೋಗುವ ಮೆಟ್ಟಿಲು. ಕಮಾನಿನಿಂದ ದೂರದ ಕಿರಿದಾದ ತುದಿಯಲ್ಲಿ ಒಂದು ಕಿಟಕಿ, ಅದರ ಕೆಳಗೆ ಅವಳ ಬೆತ್ತದ ಕುರ್ಚಿ. ಆ ಕುರ್ಚಿಗೆ ಎದುರಾಗುವಂತೆ ಸ್ಪೀಕರ್ ಇಡಲು ಬೇರೆ ಜಾಗವಿರಲಿಲ್ಲ. ಎಡಗಡೆಯದು ಕಲ್ಲಿನ ಮೂಲೆಗೆ ಹೋಯಿತು, ಬಲಗಡೆಯದು ಕಮಾನಿನ ಬಾಯಿಗೆ ಬಂತು.

ಹಾಡು ಹಾಕಿದಳು. ಅವಳ ದನಿ ಮೂಲೆಯ ಕಲ್ಲಿಗೆ ಬಡಿದು ಇಡೀ ಕೋಣೆಯಲ್ಲಿ ಗುಂಯ್‌ಗುಟ್ಟಿತು. ತಂಗಿಯ ದನಿ ಮೆಟ್ಟಿಲು ಹತ್ತಿ ಹೋಯಿತು. ಬಲಗಡೆಯ ಸ್ಪೀಕರಿನಿಂದ ಹೊರಡುತ್ತಲೇ ಮಹಡಿಗೆ ಏರಿ, ಅಲ್ಲಿಂದ ತಡವಾಗಿ, ಮಸುಕಾಗಿ ಇಳಿದು ಬರುತ್ತಿತ್ತು. ಯಾರೋ ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಾಡಿದಂತಿತ್ತು. ಕಸ್ತೂರಿಬಾಯಿ ಎದ್ದು ಮೆಟ್ಟಿಲಿನ ಹತ್ತಿರ ಹೋಗಿ ಮೇಲೆ ನೋಡಿದಳು. ನೋಡಿದ್ದಕ್ಕೆ ತನಗೇ ನಾಚಿಕೆಯಾಯಿತು.

ಸ್ಪೀಕರುಗಳನ್ನು ಹಿಂದಿರುಗಿಸಿ ಬೇರೆ ತರಿಸಿದಳು. ಇನ್ನೂ ದೊಡ್ಡವು. ಗುಂಯ್‌ಗುಟ್ಟುವುದು ಹೆಚ್ಚಾಯಿತು. ಕಿವಿಗೆ ಹಾಕಿಕೊಂಡು ಕೇಳುವ ಯಂತ್ರ ಇದೆಯಲ್ಲ ಎಂದು ಅಂಗಡಿಯವನು ಹೇಳಿದ. ಅವಳಿಗೆ ಅದು ಬೇಡವಾಗಿತ್ತು. ತಂಗಿ ಎದುರಿಗೆ ಬಂದು ಕೂರಬೇಕು, ಮನೆಯೊಳಗೆ ಕೂರಬೇಕು. ಹಾಗೆಂದು ಅಂಗಡಿಯವನಿಗೆ ಹೇಳಲಾಗಲಿಲ್ಲ. ಅವನೇ ಕೊನೆಗೆ, ದಸ್ತಗೀರನನ್ನು ಕರೆಸಿ ನೋಡಿ ಎಂದ.

ದಸ್ತಗೀರ ಮರದ ಪೆಟ್ಟಿಗೆ ಕಟ್ಟಿ ತಾನೇ ಸ್ಪೀಕರ್ ಮಾಡುವ ಕುಶಲಕರ್ಮಿ. ನಮ್ಮ ಆಶ್ರಮಕ್ಕೂ ಒಮ್ಮೆ ಬಂದು ಎರಡು ದಿನ ಉಳಿದಿದ್ದ. ಈ ಕತೆಯನ್ನು ನಾನು ಅವನ ಬಾಯಿಂದಲೇ ಕೇಳಿದ್ದು. ಕೆಲವನ್ನು ಕಸ್ತೂರಿಬಾಯಿಯೇ ಆಮೇಲೆ ಅವನಿಗೆ ಹೇಳಿದಳಂತೆ.

ಅವನು ಬಂದವನು ಸ್ಪೀಕರುಗಳನ್ನು ನೋಡಲಿಲ್ಲ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದ. ಕಲ್ಲು ಅದನ್ನು ಬಹಳ ಹೊತ್ತು ಬಿಡಲಿಲ್ಲ. ಕಮಾನಿನ ಹತ್ತಿರ ಹೋಗಿ ಇನ್ನೊಂದು ತಟ್ಟಿದ. ಅದು ಮೆಟ್ಟಿಲು ಹತ್ತಿ ಹೋಯಿತು. ಆಮೇಲೆ ಏನು ಕೇಳುವುದಕ್ಕೆ ಇಷ್ಟೆಲ್ಲ ಎಂದು ಕೇಳಿದ. ಇಬ್ಬರು ಹಾಡಿದ್ದು, ಇಬ್ಬರೂ ಸರಿಸಮನಾಗಿ ಕೇಳಿಸಬೇಕು ಎಂದಳು. ಯಾರು ಹಾಡಿದ್ದು ಎಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ.

ದೊಡ್ಡ ಸ್ಪೀಕರು ಈ ಕೋಣೆಗೆ ಹೊರೆ, ತಗ್ಗಿನ ಸ್ವರವೆಲ್ಲ ಮೂಲೆಯಲ್ಲಿ ಉಬ್ಬಿ ಉಳಿದದ್ದನ್ನು ನುಂಗುತ್ತದೆ ಎಂದು ಹೇಳಿ ಅವನು ಅವನ್ನು ಕಳಿಸಿಬಿಟ್ಟ. ತಾನು ಕಟ್ಟಿದ ಒಂದು ಜೊತೆ ತಂದ. ಒಂದೊಂದೂ ಒಂದು ಗೇಣಗಲ, ಒಂದೂವರೆ ಗೇಣೆತ್ತರ. ಕೂತವರ ಕಿವಿಯ ಮಟ್ಟಕ್ಕೆ ಬರುವಂತೆ ಮರದ ಕಾಲಿನ ಮೇಲೆ ನಿಲ್ಲಿಸಿದ. ಗೋಡೆಯಿಂದ ಎರಡು ಮೊಳ ಮುಂದಕ್ಕೆ ತಂದ. ಕಲ್ಲಿನ ಗೋಡೆಗೆ ಏನಾದರೂ ದಪ್ಪನೆಯದು ಬೇಕು ಎಂದಾಗ ಅವಳು ಪೆಟ್ಟಿಗೆಯಿಂದ ತಾಯಿ ಹೊಲಿದ ಎರಡು ಕೌದಿ ತೆಗೆದುಕೊಟ್ಟಳು. ಅವನ್ನು ಗೋಡೆಗೆ ತೂಗುಹಾಕಿದ. ನೆಲಕ್ಕೆ ಜಮಖಾನೆ ಹಾಸಿದ. ಕಮಾನಿಗೆ ದಪ್ಪ ಪರದೆ ಕಟ್ಟಿದ. ಗುಂಯ್‌ಗುಟ್ಟುವುದು ಇಳಿಯಿತು. ಆದರೆ ಬಲಗಡೆಯ ದನಿ ಪರದೆಯನ್ನು ದಾಟಿ ಹೋಗುತ್ತಲೇ ಇತ್ತು.

ಅವನು ವಾರಕ್ಕೆ ಎರಡು ಸಲ ಬಂದ. ಬಲಗಡೆಯದನ್ನು ಒಂದು ಬೆರಳು ಮುಂದಿಟ್ಟ, ಒಂದು ಬೆರಳು ಒಳಕ್ಕೆ ತಿರುಗಿಸಿದ, ಎಡಗಡೆಯದರ ಸದ್ದು ತಗ್ಗಿಸಿದ. ಪ್ರತಿ ಸಲವೂ ಅವಳು ಕಿಟಕಿಯ ಕೆಳಗಿನ ಕುರ್ಚಿಯಲ್ಲಿ ಕೂತು ಮೊದಲ ಹಾಡನ್ನಷ್ಟೇ ಕೇಳಿ, ಇನ್ನೂ ಬರಲಿಲ್ಲ ಎನ್ನುತ್ತಿದ್ದಳು. ಹಾಡು ಬರಲಿಲ್ಲ ಎನ್ನುವವರ ಹಾಗಲ್ಲ, ಒಬ್ಬ ಮನುಷ್ಯ ಬರಲಿಲ್ಲ ಎನ್ನುವವರ ಹಾಗೆ ಹೇಳುತ್ತಿದ್ದಳು ಎಂದು ದಸ್ತಗೀರ ನನಗೆ ಹೇಳಿದ.

ಐದನೆಯ ವಾರ ಅವನು ನೆಲದ ಮೇಲೆ ಕೂತು, “ಅವ್ವಾರೆ, ಸ್ಪೀಕರ್ ಇನ್ನು ಎಷ್ಟು ಸರಿಸಿದರೂ ಇಷ್ಟೇ. ಸರಿಯಬೇಕಾದದ್ದು ನಿಮ್ಮ ಕುರ್ಚಿ” ಎಂದ.

ಸ್ಪೀಕರುಗಳು ಕಿಟಕಿಯ ಕಡೆಗೆ ಬರಬೇಕು, ಆ ತುದಿಯಲ್ಲಿ ಎರಡೂ ಮಗ್ಗುಲಿಗೆ ಗೋಡೆಯಿದೆ, ದನಿಗಳು ಓಡಿಹೋಗುವುದಿಲ್ಲ, ಕುರ್ಚಿ ಕೋಣೆಯ ನಡುವಿಗೆ ಬಂದು ಕಿಟಕಿಗೆ ಮುಖ ಮಾಡಬೇಕು ಎಂದು ವಿವರಿಸಿದ. ಕಸ್ತೂರಿಬಾಯಿ ಆಗುವುದಿಲ್ಲ ಎಂದಳು. ಅವನು ಕಾರಣ ಕೇಳಿದ. ಅವಳು, “ಇಲ್ಲಿ ಕೂತರೆ ಗೇಟು ಕಾಣುತ್ತದೆ, ಅಲ್ಲಿಂದ ಕಾಣುವುದಿಲ್ಲ” ಎಂದಳು.

ಇಪ್ಪತ್ತಾರು ವರ್ಷ ಅವಳು ದಿನವೂ ಅಲ್ಲಿ ಕೂತಿದ್ದಳು. ಪುಸ್ತಕ ಓದುತ್ತ, ಅಕ್ಕಿ ಆರಿಸುತ್ತ, ಹುಡುಗಿಯರಿಗೆ ಕಲಿಸುತ್ತ ಕೂತಿದ್ದಳು. ಯಾರಿಗಾಗಿ ಎಂದು ಯಾರೂ ಕೇಳಿರಲಿಲ್ಲ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ. ಬರಬೇಕಾದವಳು ತಂಗಿ ಎಂಬುದು ಮಾತ್ರ ಅವಳಿಗೆ ಖಚಿತವಾಗಿತ್ತು.

ದಸ್ತಗೀರ ತನ್ನ ಚೀಲ ಕಟ್ಟತೊಡಗಿದ. ಅವನು ಬಾಗಿಲು ದಾಟುವ ಮುಂಚೆ ಅವಳು ಎದ್ದು ನಿಂತು, ಕುರ್ಚಿಯ ಒಂದು ಕೈಯನ್ನು ತಾನೇ ಹಿಡಿದು, ಆ ಕಡೆ ಹಿಡಿ ಎಂದಳು.

ಕುರ್ಚಿಯನ್ನು ಕೋಣೆಯ ನಡುವೆ ಇಟ್ಟರು. ದಸ್ತಗೀರ ಒಂದು ದಾರ ತೆಗೆದು, ಎಡಗಡೆಯ ಸ್ಪೀಕರಿನಿಂದ ಅವಳ ತಲೆಯವರೆಗೆ ಅಳೆದ. ಅದೇ ಅಳತೆಗೆ ಬಲಗಡೆಯದನ್ನು ಇಟ್ಟ. ಎರಡು ಸ್ಪೀಕರುಗಳ ನಡುವಿನ ಅಂತರವನ್ನೂ ಅಷ್ಟೇ ಮಾಡಿದ. ಎರಡನ್ನೂ ತುಸು ಅವಳತ್ತ ತಿರುಗಿಸಿದ. ಹಾಡು ಹಾಕಿ, ತಾನು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತ.

ಮೊದಲು ಹಾರ್ಮೋನಿಯಂ ಬಂತು. ಅದು ಸ್ಪೀಕರುಗಳಲ್ಲಿರಲಿಲ್ಲ, ಎರಡರ ನಡುವೆ ಖಾಲಿ ಜಾಗದಲ್ಲಿತ್ತು. ಅದರ ಎಡಕ್ಕೆ ಅವಳೇ ಇದ್ದಳು, ಇಪ್ಪತ್ತೆಂಟು ವರ್ಷದವಳು. ಬಲಕ್ಕೆ ಜಗದೇವಿ ಬಂದು ಕೂತಳು. ಹಾಡುವ ಮುಂಚೆ ಅವಳು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಬಳೆ ಸರಿಸಿಕೊಂಡದ್ದು ಕೇಳಿಸಿತು. ಕಸ್ತೂರಿಬಾಯಿ ಕುರ್ಚಿಯ ಕೈಗಳನ್ನು ಹಿಡಿದು ಅಲುಗಾಡದೆ ಕೂತಳು. ತಾನು ಅಲುಗಾಡಿದರೆ ತಂಗಿ ಎದ್ದು ಹೋಗುತ್ತಾಳೆ ಎಂದು ಹೆದರಿದಳು. ಏಳು ಹಾಡು ಹಾಗೆಯೇ ಕೇಳಿದಳು.

ಎಂಟನೆಯದು ಬಂತು. ಇಬ್ಬರೂ ಕೂಡಿ ಮೇಲಿನ ಸ್ವರಕ್ಕೆ ಏರಿದರು. ಏರಿದ ಮೇಲೆ ಎಡಗಡೆಯ ದನಿ ಒಂದು ಗಳಿಗೆ ನಿಂತು, ಸಣ್ಣಗೆ ನಡುಗಿ, ಒಡೆಯಿತು. ಆಮೇಲೆ ಎಡಗಡೆ ಏನೂ ಇರಲಿಲ್ಲ. ಬಲಗಡೆಯ ದನಿ ಅಲ್ಲಿಯವರೆಗೆ ಮೆತ್ತಗೆ, ಎಡಗಡೆಯದರ ಕೆಳಗೇ ಇತ್ತು. ಎಡಗಡೆ ಬರಿದಾದ ಕೂಡಲೇ ಅದು ತುಂಬಿಕೊಂಡು ಮೇಲಕ್ಕೆ ಬಂತು. ಸ್ವರವನ್ನು ನೆಲಕ್ಕೆ ಬೀಳಗೊಡದೆ ಹಿಡಿದುಕೊಂಡಿತು. ಎಡಗಡೆ ಉಸಿರು ಎಳೆದುಕೊಳ್ಳುವ ಸದ್ದು ಕೇಳಿಸಿತು. ಎಡಗಡೆಯ ದನಿ ಹಿಂದಿರುಗಿತು. ಅದು ಗಟ್ಟಿಯಾಗಿ ನಿಲ್ಲುವವರೆಗೆ ಕಾದು, ಬಲಗಡೆಯದು ಮತ್ತೆ ಅದರ ಕೆಳಕ್ಕೆ ಇಳಿಯಿತು.

ಕಸ್ತೂರಿಬಾಯಿ ಹೊರಗೆ ಬಂದು, ಎಡಗಡೆಯ ಸ್ಪೀಕರಿನಲ್ಲಿ ದೋಷವಿದೆ, ತಂತಿ ಸಡಿಲವಾಗಿರಬೇಕು ಎಂದಳು. ದಸ್ತಗೀರ ಒಳಗೆ ಹೋಗಿ ತಂತಿ ನೋಡಿದ, ಗಟ್ಟಿಯಾಗಿತ್ತು. ಅವಳ ಸಮಾಧಾನಕ್ಕೆ ಎರಡೂ ಸ್ಪೀಕರುಗಳನ್ನು ಅದಲುಬದಲು ಮಾಡಿದ. ಎಡಗಡೆ ಈಗ ಬೇರೆ ಸ್ಪೀಕರ್ ಇತ್ತು. ದನಿ ಅದೇ ಜಾಗದಲ್ಲಿ ಒಡೆಯಿತು. ಅವನು ಅವಳ ಮುಖ ನೋಡಿ, ಚೀಲ ಎತ್ತಿಕೊಂಡು ಹೋದ.

ಇಷ್ಟು ಹೇಳಿ ಗುರುಗಳು ಮೊರದಿಂದ ಒಂದು ಶೇಂಗಾ ತೆಗೆದು ಸುಲಿದರು. ಶಿಷ್ಯ, ಅವಳು ಆ ದಿನವೇ ಯಾದಗಿರಿಗೆ ಹೊರಟಿರಬೇಕು ಎಂದ. ಇಲ್ಲ ಎಂದು ಗುರುಗಳು ಕತೆ ಮುಂದುವರಿಸಿದರು.

ಹೊರಡುವುದು ಹಾಗಿರಲಿ, ಅವಳು ಮನೆ ಬಿಟ್ಟು ಕದಲುವುದೇ ಕಡಿಮೆಯಾಯಿತು. ತಂಗಿ ಮನೆಯಲ್ಲಿದ್ದಳಲ್ಲ. ದಿನವೂ ಮಧ್ಯಾಹ್ನ ನಾಲ್ಕು ಗಂಟೆಗೆ ಕಸ್ತೂರಿಬಾಯಿ ಮುಖ ತೊಳೆದು, ಸೀರೆ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದಳು. ಜಗದೇವಿ ಬರುತ್ತಿದ್ದಳು, ಬಳೆ ಸರಿಸಿಕೊಂಡು ಹಾಡುತ್ತಿದ್ದಳು. ಯಾವ ಹಾಡಿನಲ್ಲಿ ಎಲ್ಲಿ ಉಸಿರು ತೆಗೆಯುತ್ತಾಳೆ, ಎಲ್ಲಿ ತುಸು ನಗುತ್ತಾಳೆ ಎಂಬುದೆಲ್ಲ ಅಕ್ಕನಿಗೆ ಬಾಯಿಪಾಠವಾಯಿತು. ತಲೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರೆ ತಂಗಿ ಮಸುಕಾಗುತ್ತಿದ್ದಳು. ಅವಳು ಸರಿಸುತ್ತಿರಲಿಲ್ಲ. ಹಾಗೆ ಎರಡು ತಿಂಗಳು ಕಳೆಯಿತು. ಹಂಬಲ ಕಡಿಮೆಯಾಗುತ್ತದೆ ಎಂದುಕೊಂಡಿದ್ದಳು. ಅದು ದಿನದಿಂದ ದಿನಕ್ಕೆ ಬೆಳೆಯಿತು. ಎಂಟು ಹಾಡುಗಳ ಜಗದೇವಿ ಸಾಲದಾದಳು. ಒಂಬತ್ತನೆಯದನ್ನು ಹಾಡುವ, ಊಟವಾಯಿತೇ ಎಂದು ಕೇಳುವ ಜಗದೇವಿ ಬೇಕಾಯಿತು.

ಒಂದು ದಿನ ಎಂಟನೆಯ ಹಾಡು ಆ ಜಾಗಕ್ಕೆ ಬಂದಾಗ ಅವಳು ಬಲಗಡೆಗೆ ತಿರುಗಿ, “ಜಗೀ, ತಪ್ಪು ನನ್ನದು” ಎಂದಳು.

ಬಲಗಡೆಯ ದನಿ ಹಾಡುತ್ತಲೇ ಇತ್ತು. ಸ್ವರವನ್ನು ಹಿಡಿಯಿತು, ಕಾಯಿತು, ಇಳಿಯಿತು. ಹಾಡು ಮುಗಿಯಿತು. ಅವಳು ಕಾದಳು. ಸ್ಪೀಕರಿನಲ್ಲಿ ಸಣ್ಣಗೆ ಗಾಳಿಯಾಡಿದಂಥ ಸದ್ದಿತ್ತು, ಬೇರೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ರೈಲು ಹತ್ತಿದಳು.

ಯಾದಗಿರಿಯಲ್ಲಿ ಕೇಳುತ್ತ ಕೇಳುತ್ತ ಮನೆ ಹುಡುಕಿದಳು. ಬಾಗಿಲು ತೆರೆದವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಕೊರಳಿನಲ್ಲಿ ಅಡ್ಡಕ್ಕೆ ಒಂದು ಹಳೆಯ ಗಾಯದ ಗೆರೆಯಿತ್ತು. ಅವಳು ಅಕ್ಕನನ್ನು ನೋಡಿ ತುಟಿ ಅಲ್ಲಾಡಿಸಿದಳು. ಕಸ್ತೂರಿಬಾಯಿಗೆ ಏನೂ ಕೇಳಿಸಲಿಲ್ಲ. ಹತ್ತಿರ ಹೋದಳು. ಒಣಗಿದ ಎಲೆ ಸರಿದಂಥ ದನಿಯಲ್ಲಿ ತಂಗಿ, ಅಕ್ಕಾ, ಬಂದೆಯಾ ಎನ್ನುತ್ತಿದ್ದಳು.

ಏಳು ವರ್ಷದ ಹಿಂದೆ ಗಂಟಲಿನಲ್ಲಿ ಗಡ್ಡೆಯಾಗಿತ್ತು. ಅದನ್ನು ತೆಗೆಯದೆ ಗತಿಯಿರಲಿಲ್ಲ. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಅಂದಿನಿಂದ ಪಿಸುಮಾತು ಮಾತ್ರ. ಊರಿನವರಿಗೆ, ನೆಂಟರಿಗೆ ಎಲ್ಲರಿಗೂ ಅದು ಗೊತ್ತಿತ್ತು. ತನಗೆ ಹೇಳುವವರನ್ನು ಕಸ್ತೂರಿಬಾಯಿಯೇ ತಡೆದಿದ್ದಳು. ಎರಡು ತಿಂಗಳು ಅವಳು ಎದುರಿಗೆ ಕೂರಿಸಿಕೊಂಡು ಕೇಳಿದ ದನಿ ಲೋಕದಲ್ಲಿ ಇನ್ನೆಲ್ಲಿಯೂ ಇರಲಿಲ್ಲ.

ಊಟಕ್ಕೆ ಬಡಿಸಿದ್ದು ಆರುತ್ತಿತ್ತು, ಇಬ್ಬರೂ ಮುಟ್ಟಲಿಲ್ಲ. ಕಸ್ತೂರಿಬಾಯಿ, “ಅಂದು ಒಡೆದದ್ದು ನನ್ನ ದನಿ. ಯಾಕೆ ಹೇಳಲಿಲ್ಲ ನೀನು?” ಎಂದು ಕೇಳಿದಳು.

“ಹೇಳಿದ್ದರೆ ಮರುದಿನ ಶಾಲೆಯಲ್ಲಿ ಹುಡುಗಿಯರ ಮುಂದೆ ಹೇಗೆ ಬಾಯಿ ತೆರೆಯುತ್ತಿದ್ದೆ, ಅಕ್ಕ?” ಎಂದಳು ಜಗದೇವಿ. ಅಷ್ಟು ಹೇಳುವುದಕ್ಕೆ ಅವಳು ಎರಡು ಸಲ ಉಸಿರು ತೆಗೆದುಕೊಂಡಳು.

ಕಸ್ತೂರಿಬಾಯಿ ಆ ಮೂವತ್ತೆರಡು ವರ್ಷಗಳನ್ನು ನೆನೆದಳು. ದಿನವೂ ತಾನು ಧೈರ್ಯವಾಗಿ ಮೇಲಿನ ಸ್ವರ ತೋರಿಸಿಕೊಟ್ಟದ್ದನ್ನು, ಸಾಲಾಗಿ ಕೂತು ಅದನ್ನು ಎತ್ತಿಕೊಂಡ ಹುಡುಗಿಯರನ್ನು ನೆನೆದಳು. ತಂಗಿಯ ಕೈ ಹಿಡಿದುಕೊಂಡಳು.

ಆ ವಾರವೇ ತಂಗಿಯನ್ನು ಕಲಬುರಗಿಗೆ ಕರೆತಂದಳು. ಆ ಕೋಣೆಯಲ್ಲಿ ಸರಿಯಾಗಿ ಕೇಳುವ ಜಾಗ ಒಂದೇ, ಒಬ್ಬರಿಗೆ ಸಾಲುವಷ್ಟೇ. ಅಲ್ಲಿ ಜಗದೇವಿಯನ್ನು ಕೂರಿಸಿ ತಾನು ಬಲಗಡೆ ಕೆಳಗೆ ಜಮಖಾನೆಯ ಮೇಲೆ ಕೂತಳು. ಜಗದೇವಿ ಎಂಟು ಹಾಡುಗಳನ್ನೂ ಕಣ್ಣುಮುಚ್ಚಿ ಕೇಳಿದಳು. ಕಳೆದುಹೋದ ತನ್ನ ದನಿ ಕೇಳಿ ಅಳುತ್ತಾಳೇನೋ ಎಂದು ಅಕ್ಕನಿಗೆ ಭಯವಿತ್ತು. ಹಾಡು ಮುಗಿದ ಮೇಲೆ ಜಗದೇವಿ ಬಗ್ಗಿ ಅಕ್ಕನ ಕಿವಿಯ ಹತ್ತಿರ ಬಂದು, ನಿನ್ನ ದನಿ ಎಷ್ಟು ಚೆನ್ನಾಗಿತ್ತು ಎಂದಳು. ಅವಳು ಕೇಳಿದ್ದು ಎಡಗಡೆಯದನ್ನು ಮಾತ್ರ.

ಆಮೇಲೆ ಆ ಹಾಡುಗಳನ್ನು ಕಸ್ತೂರಿಬಾಯಿ ಹೆಚ್ಚು ಹಾಕಲಿಲ್ಲ. ಹಾಕಿದ ದಿನ ಎಂಟನೆಯದಕ್ಕೆ ಮುಂಚೆ ಎದ್ದು ನಿಲ್ಲಿಸಿಬಿಡುತ್ತಿದ್ದಳು. ಪ್ರತಿ ಸೋಮವಾರ ಅವಳು ಯಾದಗಿರಿಗೆ ಹೋಗುತ್ತಿದ್ದಳು. ಬೀದಿಯಲ್ಲಿ ಗಾಡಿ ಹೋದರೂ ತಂಗಿಯ ಮಾತು ಅದರಲ್ಲಿ ಮುಳುಗಿಹೋಗುತ್ತಿತ್ತು. ಅದಕ್ಕಾಗಿ ಇಬ್ಬರೂ ಅಡುಗೆಮನೆಯಲ್ಲಿ ಒಂದೇ ಚಾಪೆಯ ಮೇಲೆ, ಭುಜಕ್ಕೆ ಭುಜ ತಾಗುವಂತೆ ಕೂತು ಮಾತಾಡುತ್ತಿದ್ದರು.

ಕತೆ ಮುಗಿಸಿ ಗುರುಗಳು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಶಿಷ್ಯ, ಅಷ್ಟು ವರ್ಷ ಬಯಸಿದ ದನಿಯೇ ಇಲ್ಲವಾದ ಮೇಲೆ ಅವಳ ಹಂಬಲ ಹೇಗೆ ಹೋಯಿತು ಎಂದು ಕೇಳಿದ.

“ಹಂಬಲ ಹೋಗಲಿಲ್ಲಪ್ಪ, ಅವಳೇ ತಂಗಿಯ ಹತ್ತಿರ ಹೋದಳು” ಎಂದರು ಗುರುಗಳು.